ಔರಂಗಜೇಬನ ಸೇನೆ ಬಂದರೂ ಆಶ್ರಯ ಬೇಡಿದವನ ಕೈಬಿಡಲಿಲ್ಲ: ಕೆಳದಿ ಚೆನ್ನಮ್ಮಾಜಿಯ ನಾಲ್ಕು ಕಠಿಣ ನಿರ್ಧಾರಗಳು

ಹೆಗ್ಗೋಡು: ರಾಣಿ ಚೆನ್ನಮ್ಮ ಅಂದ ಕೂಡಲೇ ಹೆಚ್ಚಿನವರಿಗೆ ನೆನಪಾಗೋದು ಕಿತ್ತೂರು. ಆದರೆ ಕಿತ್ತೂರಿನ ರಾಣಿ 1824ರಲ್ಲಿ ಬ್ರಿಟಿಷರ ಎದುರು ನಿಲ್ಲುವುದಕ್ಕೆ ಸುಮಾರು 135 ವರ್ಷ ಮೊದಲೇ, ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯನ್ನು ಆಳುತ್ತಿದ್ದ ಇನ್ನೊಬ್ಬ ಚೆನ್ನಮ್ಮ ಮೊಘಲ್ ಬಾದಶಹ ಔರಂಗಜೇಬನನ್ನೇ ಎದುರು ಹಾಕಿಕೊಂಡಿದ್ದಳು. ಸುಮಾರು 25 ವರ್ಷದ ಆಳ್ವಿಕೆಯಲ್ಲಿ ಆಕೆ ತೆಗೆದುಕೊಂಡ ಕೆಲವು ನಿರ್ಧಾರಗಳಲ್ಲಿ ಒಂದು ತಪ್ಪಿದ್ದರೂ ಕೆಳದಿ ಸಂಸ್ಥಾನ ಅಲ್ಲಿಗೇ ಮುಗಿಯುತ್ತಿತ್ತು.

ವರ್ತಕರ ಮನೆಯ ಮಗಳು

ಚೆನ್ನಮ್ಮ ರಾಜಮನೆತನದವಳಲ್ಲ. ಕೋಟಿಪುರದ ಸಿದ್ದಪ್ಪ ಶೆಟ್ಟರ ಮಗಳು. 1667ರಲ್ಲಿ ಕೆಳದಿಯ ಒಂದನೇ ಸೋಮಶೇಖರ ನಾಯಕನನ್ನು ಮದುವೆಯಾಗಿ ಅರಮನೆಗೆ ಬಂದಳು. ಅಷ್ಟರಲ್ಲಿ ರಾಜಧಾನಿ ಕೆಳದಿಯಿಂದ ಇಕ್ಕೇರಿಗೆ, ಇಕ್ಕೇರಿಯಿಂದ ಬಿದನೂರಿಗೆ, ಅಂದರೆ ಇವತ್ತಿನ ಹೊಸನಗರ ತಾಲ್ಲೂಕಿನ ನಗರಕ್ಕೆ ಹೋಗಿಯಾಗಿತ್ತು. ಶಿವಪ್ಪ ನಾಯಕ ಹಾಕಿಕೊಟ್ಟ ಶಿಸ್ತಿನ ಕಂದಾಯ ಪದ್ಧತಿಯಿಂದ ಖಜಾನೆ ಗಟ್ಟಿಯಿತ್ತು. ಕರಾವಳಿಯ ಬಂದರುಗಳಿಂದ ಅಕ್ಕಿ, ಕಾಳುಮೆಣಸು ಹೊರಗೆ ಹೋಗುತ್ತಿತ್ತು.

ಗಟ್ಟಿ ಇರಲಿಲ್ಲದ್ದು ಅರಮನೆಯೇ. ಸೋಮಶೇಖರ ನಾಯಕ ನರ್ತಕಿಯೊಬ್ಬಳ ಮೋಹಕ್ಕೆ ಬಿದ್ದು, ಬುದ್ಧಿ ಸ್ಥಿಮಿತ ಕಳೆದುಕೊಂಡು, ಕೊನೆಗೆ ಒಳಸಂಚಿಗೆ ಬಲಿಯಾದ ಅಂತ ಕೆಳದಿಯ ಇತಿಹಾಸ ಹೇಳುತ್ತದೆ. ದಂಪತಿಗೆ ಮಕ್ಕಳಿರಲಿಲ್ಲ. ಗದ್ದುಗೆಗೆ ತಮ್ಮವರನ್ನು ಕೂರಿಸಲು ಅರಮನೆಯ ಒಳಗೇ ಗುಂಪುಗಳು ಹುಟ್ಟಿಕೊಂಡವು. ಹೊರಗೆ ಬಿಜಾಪುರದ ಸೇನೆ ಹೊಂಚು ಹಾಕುತ್ತಿತ್ತು.

ಮೊದಲ ನಿರ್ಧಾರ: ರಾಜಧಾನಿ ಬಿಟ್ಟು ಹೊರಡುವುದು

1670ರ ದಶಕದ ಆರಂಭ. ಬಿಜಾಪುರದವರು ಬಿದನೂರಿನ ಮೇಲೆ ಬಂದಾಗ ರಾಣಿಯ ಮುಂದೆ ಎರಡೇ ದಾರಿ. ಕೋಟೆ ಒಳಗೇ ಕೂತು, ಯಾರನ್ನು ನಂಬುವುದು ಗೊತ್ತಿಲ್ಲದ ಹೊತ್ತಲ್ಲಿ ಕೊನೆಯವರೆಗೆ ಕಾದಾಡುವುದು. ಇಲ್ಲವೇ ರಾಜಧಾನಿಯನ್ನೇ ಬಿಟ್ಟುಕೊಡುವುದು. ಆಕೆ ಎರಡನೆಯದನ್ನು ಆರಿಸಿಕೊಂಡಳು. ಖಜಾನೆ, ಸಿಂಹಾಸನ ಎಲ್ಲ ಸಾಗಿಸಿಕೊಂಡು ಕಾಡಿನ ಹಾದಿಯಲ್ಲಿ ಭುವನಗಿರಿ ದುರ್ಗ ಸೇರಿದಳು. ತೀರ್ಥಹಳ್ಳಿ ತಾಲ್ಲೂಕಿನ ಇವತ್ತಿನ ಕವಲೇದುರ್ಗವೇ ಅದು.

ರಾಜಧಾನಿ ಬಿಟ್ಟು ಹೋದ ದೊರೆಗೆ ಪ್ರಜೆಗಳಲ್ಲಿ ಮರ್ಯಾದೆ ಉಳಿಯುವುದು ಕಷ್ಟ. ಆದರೆ ಶತ್ರು ಒಳಗೆ ನುಗ್ಗಿದಾಗ ಅವರ ಕೈಗೆ ಸಿಕ್ಕಿದ್ದು ಬರಿದಾದ ಅರಮನೆ. ಭುವನಗಿರಿಯಲ್ಲೇ ಚೆನ್ನಮ್ಮನಿಗೆ ಪಟ್ಟಾಭಿಷೇಕವಾಯಿತು. ದೂರ ಸರಿದಿದ್ದ ಸರದಾರರು ಒಬ್ಬೊಬ್ಬರಾಗಿ ವಾಪಸ್ ಬಂದರು. ಬಿದನೂರು ಮತ್ತೆ ಕೈಸೇರಿತು. ಊರು ಹೋದರೆ ಮತ್ತೆ ಗೆಲ್ಲಬಹುದು, ಖಜಾನೆ ಮತ್ತು ಸೇನೆ ಹೋದರೆ ಗೆಲ್ಲಲು ಏನೂ ಉಳಿಯಲ್ಲ ಅನ್ನುವ ಲೆಕ್ಕ ಸರಿಯಾಗಿಯೇ ಇತ್ತು.

ಎರಡನೇ ನಿರ್ಧಾರ: ದತ್ತು ಮಗ

ಮಕ್ಕಳಿಲ್ಲದ ರಾಣಿ ಇದ್ದಾಳೆ ಅಂದರೆ ಗದ್ದುಗೆ ಮೇಲೆ ಕಣ್ಣಿಟ್ಟವರಿಗೆ ಅದೇ ನೆಪ. ಅವರವರ ಕಡೆಯ ಹುಡುಗರನ್ನು ದತ್ತು ತೆಗೆದುಕೊಳ್ಳುವಂತೆ ಒತ್ತಡ ಬಂತು. ಚೆನ್ನಮ್ಮಾಜಿ ಯಾವ ಗುಂಪಿಗೂ ಬಗ್ಗಲಿಲ್ಲ. ತಾನೇ ಆರಿಸಿದ ಬಸವಪ್ಪನನ್ನು ದತ್ತು ಪಡೆದು, ಆಡಳಿತದ ಪಾಠ ಕಲಿಸಿ ಬೆಳೆಸಿದಳು.

ಇದೇ ಅವಧಿಯಲ್ಲಿ, 1678ರಲ್ಲಿ, ಪೋರ್ಚುಗೀಸರ ಜೊತೆ ಒಪ್ಪಂದವೂ ಆಯಿತು. ಕರಾವಳಿಯಲ್ಲಿ ಅವರಿಗೆ ವ್ಯಾಪಾರದ ಕೋಠಿ ಮತ್ತು ಚರ್ಚುಗಳಿಗೆ ಅವಕಾಶ ಸಿಕ್ಕಿತು. ಘಟ್ಟದ ಮೇಲೆ ಯುದ್ಧದ ಭೀತಿ ಇದ್ದಾಗ ಘಟ್ಟದ ಕೆಳಗೆ ಇನ್ನೊಂದು ಜಗಳ ಬೇಡವಾಗಿತ್ತು.

ಮೂರನೇ ನಿರ್ಧಾರ: ಬಾಗಿಲಿಗೆ ಬಂದ ರಾಜಾರಾಮ

ಎಲ್ಲಕ್ಕಿಂತ ಕಠಿಣವಾದದ್ದು 1689ರದ್ದು. ಅಷ್ಟರಲ್ಲಿ ಔರಂಗಜೇಬ ದಖ್ಖನಿಗೇ ಬಂದು ಬೀಡುಬಿಟ್ಟಿದ್ದ. 1686ರಲ್ಲಿ ಬಿಜಾಪುರ ಬಿತ್ತು, 1687ರಲ್ಲಿ ಗೋಲ್ಕೊಂಡ ಬಿತ್ತು. ಪಕ್ಕದ ಮೈಸೂರಿನ ಚಿಕ್ಕದೇವರಾಜ ಒಡೆಯರು ಮೊಘಲರ ಜೊತೆ ಹೊಂದಿಕೊಂಡು, ಅವರಿಂದ ಬೆಂಗಳೂರನ್ನು 3 ಲಕ್ಷ ರೂಪಾಯಿಗೆ ಪಡೆದಿದ್ದರು. 1689ರ ಮಾರ್ಚ್‌ನಲ್ಲಿ ಶಿವಾಜಿಯ ಹಿರಿಯ ಮಗ ಸಂಭಾಜಿಯನ್ನು ಔರಂಗಜೇಬ ಕೊಲ್ಲಿಸಿದ.

ಉಳಿದವನು ಕಿರಿಯ ಮಗ ರಾಜಾರಾಮ. ವಯಸ್ಸು 19. ಮಹಾರಾಷ್ಟ್ರದಲ್ಲಿ ನಿಲ್ಲಲಾಗದೆ, ತಮಿಳು ನಾಡಿನ ಜಿಂಜಿ ಕೋಟೆ ಸೇರಲು ಕೆಲವೇ ನಂಬಿಕಸ್ಥರ ಜೊತೆ ಹೊರಟ. ಲಿಂಗಾಯತ ಯಾತ್ರಿಕರ ವೇಷದಲ್ಲಿ ಅವರು ಸಾಗಿದ್ದ ದಾರಿ ಬಿದನೂರಿನ ಸೀಮೆಯಲ್ಲಿತ್ತು. ರಾಣಿಯ ಬಳಿ ರಕ್ಷಣೆ ಕೇಳಿದ.

ಇಲ್ಲ ಅನ್ನಲು ಕಾರಣಗಳಿಗೆ ಬರವಿರಲಿಲ್ಲ. 1665ರಲ್ಲಿ ಇದೇ ರಾಜಾರಾಮನ ತಂದೆ ಶಿವಾಜಿ ಹಡಗುಗಳಲ್ಲಿ ಬಂದು ಕೆಳದಿಯವರ ಶ್ರೀಮಂತ ಬಂದರು ಬಸ್ರೂರನ್ನು ಲೂಟಿ ಮಾಡಿದ್ದ. ಅದಾಗಿ ಕಾಲು ಶತಮಾನವೂ ಕಳೆದಿರಲಿಲ್ಲ. ಹುಡುಗನನ್ನು ಹಿಡಿದು ಕೊಟ್ಟರೆ ಬಾದಶಹನ ಕೃಪೆ ಸಿಗುತ್ತಿತ್ತು. ಆಶ್ರಯ ಕೊಟ್ಟರೆ ಎರಡು ಸುಲ್ತಾನಶಾಹಿಗಳನ್ನು ಮುಗಿಸಿದ ಸೇನೆ ನೇರ ಮಲೆನಾಡಿಗೆ ಬರುತ್ತಿತ್ತು. ಬಿದ್ದರೆ ಬೀಳುವುದು ರಾಣಿ ಒಬ್ಬಳ ಮೇಲಲ್ಲ, ಗದ್ದೆ ತೋಟ ನಂಬಿದ್ದ ಸಾವಿರಾರು ಮನೆಗಳ ಮೇಲೆ.

ಚೆನ್ನಮ್ಮಾಜಿ ಆಶ್ರಯ ಕೊಟ್ಟಳು. ತನ್ನ ಸೀಮೆ ದಾಟುವವರೆಗೂ ಅವನಿಗೆ ಕಾವಲು ಒದಗಿಸಿದಳು. ಅದೇ ವರ್ಷ ನವೆಂಬರ್ ಹೊತ್ತಿಗೆ ರಾಜಾರಾಮ ಜಿಂಜಿ ಸೇರಿದ್ದ.

ನಾಲ್ಕನೇ ನಿರ್ಧಾರ: ಯುದ್ಧ ಎಲ್ಲಿಗೆ ನಿಲ್ಲಿಸಬೇಕು

ಔರಂಗಜೇಬ ಜಾನ್‌ನಿಸಾರ್ ಖಾನ್‌ನನ್ನು ದಂಡಿನೊಂದಿಗೆ ಕಳಿಸಿದ. ದಟ್ಟ ಕಾಡು, ಇಕ್ಕಟ್ಟಾದ ಕಣಿವೆ ದಾರಿ ಬಯಲು ಸೀಮೆಯ ಸೇನೆಗೆ ಒಗ್ಗಲಿಲ್ಲ. ಕೆಳದಿಯವರಿಗೆ ಪ್ರತಿ ತಿರುವೂ ಗೊತ್ತಿತ್ತು. ಮರಾಠರ ಸೇನಾಪತಿ ಸಂತಾಜಿ ಘೋರ್ಪಡೆಯೂ ನೆರವಿಗೆ ಬಂದ. ಮೊಘಲ್ ಸೇನೆ ಬಿದನೂರನ್ನು ಗೆಲ್ಲಲಾಗಲಿಲ್ಲ.

ಇದರ ಕೊನೆಯನ್ನು ಎರಡು ಕಡೆಯವರು ಎರಡು ರೀತಿ ಹೇಳುತ್ತಾರೆ. ಕೆಳದಿಯ ಕಡೆಯವರ ಪ್ರಕಾರ ಇದು ರಾಣಿಯ ಗೆಲುವು. ಮೊಘಲರ ಕಡೆಯ ಕಥನದಲ್ಲಿ ರಾಣಿ ಸಣ್ಣ ಮೊತ್ತದ ದಂಡ ಕೊಟ್ಟು ರಾಜಿ ಮಾಡಿಕೊಂಡಳು ಎಂದಿದೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಒಂದು ಸಂಗತಿ ಸ್ಪಷ್ಟ. ರಾಜಾರಾಮ ಮೊಘಲರ ಕೈಗೆ ಸಿಗಲಿಲ್ಲ, ಬಿದನೂರು ಕೈತಪ್ಪಲಿಲ್ಲ. ದಂಡ ಕೊಟ್ಟಿದ್ದೇ ನಿಜವಾದರೂ ಅಷ್ಟಕ್ಕೆ ಅದು ಬಹಳ ಅಗ್ಗದ ಬೆಲೆ.

ಆಮೇಲೆ ಏನಾಯಿತು?

ಜಿಂಜಿಯನ್ನು ಗೆಲ್ಲಲು ಮೊಘಲರಿಗೆ 1698ರವರೆಗೆ ಬೇಕಾಯಿತು. ಆಗಲೂ ರಾಜಾರಾಮ ತಪ್ಪಿಸಿಕೊಂಡು ಮಹಾರಾಷ್ಟ್ರಕ್ಕೆ ಮರಳಿದ. 1700ರಲ್ಲಿ ಅವನು ತೀರಿಕೊಂಡ ಮೇಲೆ ಹೆಂಡತಿ ತಾರಾಬಾಯಿ ಹೋರಾಟ ಮುಂದುವರಿಸಿದಳು. 1707ರಲ್ಲಿ ಔರಂಗಜೇಬ ದಖ್ಖನಿನಲ್ಲೇ ಕಣ್ಣು ಮುಚ್ಚಿದ, ಮರಾಠರು ಮುಗಿಯಲಿಲ್ಲ. 1689ರಲ್ಲಿ ಬಿದನೂರಿನಲ್ಲಿ ಹುಡುಗ ಸಿಕ್ಕಿಬಿದ್ದಿದ್ದರೆ ಈ ಕಥೆಯೇ ಬೇರೆಯಾಗುತ್ತಿತ್ತು.

ದತ್ತು ಮಗನ ಆಯ್ಕೆಯೂ ಹುಸಿಯಾಗಲಿಲ್ಲ. 1697ರಲ್ಲಿ ಪಟ್ಟಕ್ಕೆ ಬಂದ ಬಸವಪ್ಪ ನಾಯಕ 1714ರವರೆಗೆ ಆಳಿದ. ಶಿವತತ್ತ್ವರತ್ನಾಕರ ಎಂಬ ಸಂಸ್ಕೃತ ವಿಶ್ವಕೋಶ ಅವನದೇ ಕೃತಿ. ಸಂಸ್ಥಾನ 1763ರವರೆಗೆ ಉಳಿಯಿತು. ಆ ವರ್ಷ ಹೈದರಾಲಿ ಬಿದನೂರನ್ನು ಹಿಡಿದಾಗ ಗದ್ದುಗೆಯಲ್ಲಿದ್ದದ್ದೂ ಒಬ್ಬ ರಾಣಿಯೇ, ವೀರಮ್ಮಾಜಿ. ಆಗ ಊರಿಗೆ ಬಿದ್ದ ಹೈದರ್‌ನಗರ ಎಂಬ ಹೆಸರೇ ಸವೆದು ಇವತ್ತು ನಗರ ಆಗಿದೆ.

ನೋಡಲು ಹೋಗುವವರಿಗೆ

ಹೆಗ್ಗೋಡಿನಿಂದ ಇಕ್ಕೇರಿಯ ಅಘೋರೇಶ್ವರ ದೇವಸ್ಥಾನ, ಕೆಳದಿಯ ರಾಮೇಶ್ವರ ದೇವಸ್ಥಾನ ಮತ್ತು ಅಲ್ಲಿನ ವಸ್ತುಸಂಗ್ರಹಾಲಯವನ್ನು ಒಂದೇ ದಿನದಲ್ಲಿ ನೋಡಿ ಬರಬಹುದು. ಕವಲೇದುರ್ಗ ತೀರ್ಥಹಳ್ಳಿಯಿಂದ ಸುಮಾರು 18 ಕಿ.ಮೀ.; ಮೇಲೆ ಹತ್ತಲು ನಡೆದೇ ಹೋಗಬೇಕು. ಚೆನ್ನಮ್ಮಾಜಿಯ ಗದ್ದುಗೆ ಇರುವುದು ನಗರದ ಬಳಿಯ ಕೊಪ್ಪಲು ಮಠದಲ್ಲಿ. ಕೋಟೆ ನೋಡಿಕೊಂಡು ಹಾಗೇ ವಾಪಸ್ ಹೊರಡುವವರು ಅಲ್ಲಿಗೂ ಒಮ್ಮೆ ಹೋಗಿ ಬರಬಹುದು.