ಟಿಪ್ಪುವಿನ ಎತ್ತುಗಳು

ದೇವನಹಳ್ಳಿಯಲ್ಲಿ ಹುಟ್ಟಿದ ಟಿಪ್ಪು ಸುಲ್ತಾನನೆಂದರೆ ಮಕ್ಕಳಿಗೆ ಹುಲಿ, ರಾಕೆಟ್ಟು. ಬಲದ ಪಾಠಕ್ಕೆ ನಾನು ಆರಿಸಿಕೊಂಡದ್ದು ಅವನ ಎತ್ತುಗಳನ್ನು. ಚಿಕ್ಕೇರೂರಿನ ಮಕ್ಕಳಿಗೆ ನೊಗ, ಮಿಣಿ ಗೊತ್ತು, ಫಿರಂಗಿಯೇ ಹೊಸದು. ಒಡೆಯರ ಬೆಣ್ಣೆ ಚಾವಡಿಯ ದನಗಳನ್ನು ಹೈದರಾಲಿ ಸೈನ್ಯದ ಕೆಲಸಕ್ಕೆ ಹಚ್ಚಿದ. 1782ರಲ್ಲಿ ತಂದೆ ತೀರಿಕೊಂಡ ಮೇಲೆ ಪಟ್ಟಕ್ಕೆ ಬಂದ ಟಿಪ್ಪು ಅದಕ್ಕೆ ಅಮೃತ ಮಹಲ್ ಎಂದು ಹೆಸರಿಟ್ಟ. ಸಾಕಣೆಗೆ ಹುಕುಂನಾಮೆ ಹೊರಡಿಸಿದ. ಮೇವಿಗೆ ಬೇರೆ ಬೇರೆ ಋತುವಿನ ಕಾವಲುಗಳಿದ್ದವು. ಭಾರ ಎಳೆಯುವ ಎತ್ತು ಎಲ್ಲೆಡೆ ಸಿಗುತ್ತದೆ, ಭಾರ ಎಳೆದೂ ಬಿರುಸಾಗಿ ನಡೆಯುವುದು ಅಪರೂಪ. ಸೈನ್ಯದ ವೇಗವೆಂದರೆ ಫಿರಂಗಿಯ ವೇಗವೇ ಎಂಬುದನ್ನು ಅವನು ಬಲ್ಲವನಾಗಿದ್ದ ಎಂದೇ ನನ್ನ ಅಭಿಪ್ರಾಯ. 1799ರ ಮೇ 4ರಂದು ಶ್ರೀರಂಗಪಟ್ಟಣದಲ್ಲಿ ಟಿಪ್ಪು ಮಡಿದ. ಗೆದ್ದವರು ಮಂದೆಯನ್ನು ಬಿಡಲಿಲ್ಲ. ಅವೇ ಎತ್ತುಗಳು ಕಂಪನಿಯ ಫಿರಂಗಿಗೆ ಹೆಗಲು ಕೊಟ್ಟವು.