ಅಪ್ಪನ ಪಟ್ಟಿ, ಅಡ್ಮಿರಲ್ ಅಜ್ಜಿಯ ಭಾಷೆ

ನನ್ನಪ್ಪ ಯಶವಂತಪುರ ಎಪಿಎಂಸಿ ಯಾರ್ಡ್‌ನ ಈರುಳ್ಳಿ ಮಂಡಿಯೊಂದರಲ್ಲಿ ಗುಮಾಸ್ತ. ಯಲಹಂಕದ ಮನೆಯಿಂದ ನಸುಕಿನಲ್ಲೇ ಹೊರಟು, ಲಾರಿಯಿಂದ ಇಳಿದ ಚೀಲಗಳ ಲೆಕ್ಕ ಬರೆದು, ವ್ಯಾಪಾರ ಮುಗಿದ ಮೇಲೆ ರೈತರಿಗೆ ಪಟ್ಟಿ ಬರೆದುಕೊಡುವುದು ಇಪ್ಪತ್ತೆರಡು ವರ್ಷಗಳಿಂದ ಅವರ ಕೆಲಸ. ನಾನು ಹೆಬ್ಬಾಳದ ಬಳಿ ಒಂದು ಸಣ್ಣ ಸಾಫ್ಟ್‌ವೇರ್ ಕಚೇರಿಯಲ್ಲಿದ್ದೇನೆ. ಕಳೆದ ವರ್ಷ ಮಂಡಿಗಳಿಗೆ ಪಟ್ಟಿ ಬರೆಯುವ ಸಾಫ್ಟ್‌ವೇರ್ ಮಾಡುವ ಕೆಲಸ ನನ್ನ ಪಾಲಿಗೇ ಬಂತು. ಅಪ್ಪನ ಕೆಲಸವನ್ನು ಮಗಳೇ ಕಂಪ್ಯೂಟರಿಗೆ ಕೊಡಿಸುತ್ತಿದ್ದಾಳೆ ಎಂದು ಅಮ್ಮ ತಮಾಷೆ ಮಾಡಿದರು. ಅಪ್ಪ ನಗಲಿಲ್ಲ.

ಮೊದಲು ಬರೆದದ್ದನ್ನು ಹೆಮ್ಮೆಯಿಂದ ಅಪ್ಪನಿಗೆ ತೋರಿಸಿ, ಲೆಕ್ಕ ಸರಿಯಿದೆಯಾ ನೋಡಿ ಅಂದೆ. ಪರದೆಯ ತುಂಬ ಇಂಗ್ಲಿಷ್ ಕೋಡ್. ಕನ್ನಡಕ ಸರಿಮಾಡಿಕೊಂಡು ನೋಡಿದ ಅಪ್ಪ, ಇದರಲ್ಲಿ ನಾನು ನೋಡುವುದು ಏನಿದೆ ಎಂದು ಎದ್ದು ಹೋದರು. ಪಟ್ಟಿಯ ವಿಷಯ ಎಲ್ಲರಿಗಿಂತ ಚೆನ್ನಾಗಿ ಬಲ್ಲವರು ಅವರು. ಅವರಿಗೇ ಅರ್ಥವಾಗದ ಪಟ್ಟಿಯನ್ನು ನಾನು ಬರೆದಿದ್ದೆ! ಇದನ್ನು ಕಚೇರಿಯ ಹಿರಿಯರೊಬ್ಬರ ಬಳಿ ಹೇಳಿಕೊಂಡಾಗ, ಗ್ರೇಸ್ ಹಾಪರ್ ಅವರ ಜೀವನ ಓದು ಎಂದರು. ಕಾಲೇಜಿನಲ್ಲಿ ನಾನು ಆಕೆಯ ಬಗ್ಗೆ ಕೇಳಿದ್ದು ಕಂಪ್ಯೂಟರಿನೊಳಗೆ ಸಿಕ್ಕ ಪತಂಗದ ಕಥೆಯನ್ನಷ್ಟೇ. ಓದುತ್ತಾ ಹೋದಂತೆ ಅದಕ್ಕಿಂತ ದೊಡ್ಡ ಕಥೆ ಸಿಕ್ಕಿತು.

ಗ್ರೇಸ್ ಹುಟ್ಟಿದ್ದು 1906ರ ಡಿಸೆಂಬರ್ 9ರಂದು, ನ್ಯೂಯಾರ್ಕ್‌ನಲ್ಲಿ. ಏಳು ವರ್ಷದ ಹುಡುಗಿಯಾಗಿದ್ದಾಗ ಅಲಾರಂ ಗಡಿಯಾರ ಹೇಗೆ ಓಡುತ್ತದೆಂದು ನೋಡಲು ಬಿಚ್ಚಿದರು. ಜೋಡಿಸಲು ಬರಲಿಲ್ಲ. ಇನ್ನೊಂದನ್ನು ನೋಡಿ ಕಲಿಯೋಣವೆಂದು ಮನೆಯಲ್ಲಿದ್ದ ಏಳು ಗಡಿಯಾರಗಳನ್ನೂ ಬಿಚ್ಚಿಟ್ಟರಂತೆ. ಇನ್ನು ಮುಂದೆ ಒಂದನ್ನು ಮಾತ್ರ ಮುಟ್ಟಬೇಕು ಎಂದು ಅವರ ತಾಯಿ ಕಟ್ಟಪ್ಪಣೆ ಮಾಡಿದರು. ಆ ಹುಡುಗಿ 1934ರಲ್ಲಿ ಯೇಲ್ ವಿಶ್ವವಿದ್ಯಾಲಯದಿಂದ ಗಣಿತದಲ್ಲಿ ಡಾಕ್ಟರೇಟ್ ಪಡೆದು, ತಾನು ಓದಿದ ವಾಸರ್ ಕಾಲೇಜಿನಲ್ಲೇ ಪಾಠ ಮಾಡಿದರು.

ಎರಡನೇ ಮಹಾಯುದ್ಧ ಬಂತು. ವಯಸ್ಸು ಹೆಚ್ಚು, ತೂಕ ಕಡಿಮೆ ಎಂಬ ಅಡ್ಡಿಗಳಿದ್ದರೂ 1943ರ ಕೊನೆಯಲ್ಲಿ, 37ನೇ ವಯಸ್ಸಿಗೆ, ನೌಕಾಪಡೆಯ ಮೀಸಲು ದಳ ಸೇರಿದರು. 1944ರಲ್ಲಿ ಅವರನ್ನು ಕಳುಹಿಸಿದ್ದು ಹಡಗಿಗಲ್ಲ, ಹಾರ್ವರ್ಡ್‌ನಲ್ಲಿದ್ದ ಮಾರ್ಕ್ 1 ಎಂಬ 51 ಅಡಿ ಉದ್ದದ ಲೆಕ್ಕದ ಯಂತ್ರದ ಬಳಿಗೆ. ಅದಕ್ಕೆ ಪ್ರತಿಯೊಂದು ಆಜ್ಞೆಯನ್ನೂ ತೂತು ಕೊರೆದ ಕಾಗದದ ಟೇಪಿನಲ್ಲಿ ಕೊಡಬೇಕಿತ್ತು. ಮನುಷ್ಯರೇ ಯಂತ್ರದ ಭಾಷೆ ಕಲಿಯಬೇಕಿದ್ದ ಕಾಲ ಅದು.

1949ರಲ್ಲಿ ಅವರು ಯುನಿವ್ಯಾಕ್ ಕಂಪ್ಯೂಟರ್ ಕಟ್ಟುತ್ತಿದ್ದ ಕಂಪನಿ ಸೇರಿದರು. ಅಲ್ಲಿನ ಒಂದು ಪ್ರಸಂಗವನ್ನು ಅವರೇ ಮುಂದೆ ಹೇಳಿಕೊಂಡು ನಗುತ್ತಿದ್ದರು. ಆಗಿನ ಒಂದು ಯಂತ್ರಕ್ಕೆ ಎಂಟರ ಮೇಲೆ ನಿಂತ ಸಂಖ್ಯಾಕ್ರಮದಲ್ಲಿ ಬರೆಯಬೇಕಿತ್ತು. ಅದೇ ಅಭ್ಯಾಸವಾಗಿ, ತಮ್ಮ ಬ್ಯಾಂಕ್ ಲೆಕ್ಕವನ್ನೂ ಹಾಗೆಯೇ ಕೂಡಿ ಕಳೆದುಬಿಟ್ಟಿದ್ದರು! ತಪ್ಪು ಎಲ್ಲಿದೆಯೆಂದು ಹುಡುಕಲು ಬ್ಯಾಂಕಿನಲ್ಲಿದ್ದ ಅವರ ಸಹೋದರನೇ ಬರಬೇಕಾಯಿತು. ಯಂತ್ರಕ್ಕಾಗಿ ಮನುಷ್ಯ ತನ್ನ ಲೆಕ್ಕವನ್ನೇ ಮರೆಯಬೇಕೇ? 1952ರಲ್ಲಿ ಅವರು ಎ-0 ರೂಪಿಸಿದರು. ಮೊದಲೇ ಬರೆದಿಟ್ಟ ಲೆಕ್ಕದ ತುಣುಕುಗಳನ್ನು ಯಂತ್ರವೇ ಹುಡುಕಿ ಜೋಡಿಸಿಕೊಳ್ಳುವ ವ್ಯವಸ್ಥೆ ಅದು.

ಅಲ್ಲಿಂದ ಮುಂದಿನ ಹೆಜ್ಜೆಯೇ ನನ್ನನ್ನು ಹಿಡಿದು ನಿಲ್ಲಿಸಿದ್ದು. ಗಣಿತಜ್ಞರಿಗೆ ಚಿಹ್ನೆಗಳು ಹಿಡಿಸುತ್ತವೆ, ಆದರೆ ಸಂಬಳ, ದಾಸ್ತಾನು, ಬಿಲ್ಲು ನೋಡಿಕೊಳ್ಳುವವರು ಯೋಚಿಸುವುದು ಪದಗಳಲ್ಲಿ ಎಂದು ಅವರು ಗಮನಿಸಿದರು. ಹಾಗಾದರೆ ಪ್ರೋಗ್ರಾಮನ್ನು ಆ ಪದಗಳಲ್ಲೇ ಬರೆಯೋಣ, ಯಂತ್ರದ ಭಾಷೆಗೆ ಬದಲಿಸುವ ಕೆಲಸವನ್ನು ಯಂತ್ರಕ್ಕೇ ಬಿಡೋಣ ಎಂದರು. ಕಂಪ್ಯೂಟರಿಗೆ ಇಂಗ್ಲಿಷ್ ಅರ್ಥವಾಗುವುದಿಲ್ಲ ಎಂದು ಮೇಲಿನವರು ತಳ್ಳಿಹಾಕಿದರು. ಅವರು ಬಿಡಲಿಲ್ಲ. ಒಂದು ಪುಟ್ಟ ಮಾದರಿ ಮಾಡಿ, ಅದೇ ಪ್ರೋಗ್ರಾಮನ್ನು ಫ್ರೆಂಚ್ ಮತ್ತು ಜರ್ಮನ್ ಪದಗಳಲ್ಲೂ ಓಡಿಸಿ ತೋರಿಸಿದರು. ಯಂತ್ರಕ್ಕೆ ಯಾವ ಭಾಷೆಯಾದರೂ ಒಂದೇ ಎಂದು ತೋರಿಸುವುದಷ್ಟೇ ಅವರ ಉದ್ದೇಶ. ಆದರೆ ಅಮೆರಿಕದಲ್ಲಿ ಮಾಡಿದ ಕಂಪ್ಯೂಟರಿಗೆ ಪರದೇಶದ ಭಾಷೆ ಹೇಗೆ ತಿಳಿಯುತ್ತದೆ ಎಂದು ಮೇಲಿನವರು ಇನ್ನಷ್ಟು ಗಾಬರಿಯಾದರಂತೆ! ಕೊನೆಗೆ ಫ್ಲೋ-ಮ್ಯಾಟಿಕ್ ಎಂಬ ಭಾಷೆ ಬಂತು. ಓದು, ಹೋಲಿಸು, ವರ್ಗಾಯಿಸು ಎಂಬಂಥ ಇಂಗ್ಲಿಷ್ ಪದಗಳಲ್ಲಿ ಆಜ್ಞೆ, ಮಾಹಿತಿಯ ವಿವರ ಬೇರೆ ಕಡೆ. 1959ರಲ್ಲಿ ಹಲವರು ಸಮಿತಿಯಾಗಿ ಕೂತು ಕೋಬಾಲ್ ಭಾಷೆ ರೂಪಿಸಿದಾಗ ಹಾಪರ್ ಸಲಹೆಗಾರರಾಗಿದ್ದರು. ಅವರ ಫ್ಲೋ-ಮ್ಯಾಟಿಕ್ಕೇ ಅದಕ್ಕೆ ಮುಖ್ಯ ತಳಹದಿಯಾಯಿತು. ಬ್ಯಾಂಕುಗಳಲ್ಲಿ ಕೋಬಾಲ್ ಇಂದಿಗೂ ಓಡುತ್ತಿದೆ.

1966ರಲ್ಲಿ ನೌಕಾಪಡೆ ಅವರನ್ನು ನಿವೃತ್ತಿ ಮಾಡಿತು. ಮರುವರ್ಷ ಆರು ತಿಂಗಳ ಮಟ್ಟಿಗೆಂದು ವಾಪಸ್ ಕರೆಯಿತು. ಆ ಆರು ತಿಂಗಳು ಮುಗಿದದ್ದು 1986ರಲ್ಲಿ, ಅವರಿಗೆ 79 ವರ್ಷವಾಗಿ, ರಿಯರ್ ಅಡ್ಮಿರಲ್ ಆಗಿದ್ದಾಗ! ಭಾಷಣಗಳಿಗೆ ಹೋದಾಗ ಸುಮಾರು 30 ಸೆಂಟಿಮೀಟರ್ ಉದ್ದದ ತಂತಿಯ ತುಂಡುಗಳನ್ನು ಹಂಚುತ್ತಿದ್ದರು. ಒಂದು ನ್ಯಾನೊಸೆಕೆಂಡಿನಲ್ಲಿ ವಿದ್ಯುತ್ ಸಂಕೇತ ಹೆಚ್ಚೆಂದರೆ ಇಷ್ಟು ದೂರ ಹೋಗಬಲ್ಲದು ಎಂದು ಕೈಗೇ ಕೊಟ್ಟು ತಿಳಿಸುವ ರೀತಿ ಅದು. 1992ರ ಜನವರಿ 1ರಂದು, 85ನೇ ವಯಸ್ಸಿನಲ್ಲಿ ತೀರಿಕೊಂಡರು.

ಅವರು ಹಾಕಿದ ದಾರಿ ಇವತ್ತು ತುಂಬ ದೂರ ಬಂದಿದೆ. ಒಂದೇ ಕ್ಷೇತ್ರಕ್ಕೆ ಮೀಸಲಾದ ಪುಟ್ಟ ಭಾಷೆಗಳನ್ನು ನಮ್ಮವರು ಡೊಮೇನ್ ಸ್ಪೆಸಿಫಿಕ್ ಮಾಡೆಲಿಂಗ್ ಲಾಂಗ್ವೇಜ್ ಎನ್ನುತ್ತಾರೆ. ಕಾರಿನ ಎಂಜಿನಿಯರ್ ಸಿಮ್ಯುಲಿಂಕ್‌ನಂಥ ಸಾಧನದಲ್ಲಿ ತನಗೆ ಗೊತ್ತಿರುವ ಚೌಕ, ಗೆರೆಗಳಲ್ಲಿ ಚಿತ್ರ ಬರೆಯುತ್ತಾರೆ. ಕೋಡ್ ತಾನೇ ಹುಟ್ಟುತ್ತದೆ. ಇಂಥ ಭಾಷೆಯಲ್ಲಿ ಎಲ್ಲವನ್ನೂ ಬರೆಯಲಾಗದು. ಆದರೆ ಆ ಕ್ಷೇತ್ರ ಬಲ್ಲವರು ಅದನ್ನು ಓದಿ ತಪ್ಪು ಹಿಡಿಯಬಲ್ಲರು.

ಇದನ್ನೆಲ್ಲ ಓದಿದ ಮೇಲೆ ನಾನು ಬರೆದದ್ದನ್ನು ಬದಿಗಿಟ್ಟು, ಒಂದು ಭಾನುವಾರ ಅಪ್ಪನ ಎದುರು ನೋಟ್‌ಬುಕ್ ಹಿಡಿದು ಕೂತೆ. ಚೀಲ, ತೂಕ, ದರ, ಹಮಾಲಿ, ಬಾಡಿಗೆ, ಮುಂಗಡ, ಉಳಿಕೆ. ಅವರ ಬಾಯಿಂದ ಬಂದ ಪದಗಳಷ್ಟೇ ನನ್ನ ಪುಟ್ಟ ಭಾಷೆಯಾದವು. ಪಟ್ಟಿಯ ನಿಯಮಗಳೆಲ್ಲ ಒಂದು ಪುಟದೊಳಗೆ ಮುಗಿದವು. ಮುದ್ರಿಸಿ ಕೊಟ್ಟೆ. ಅಪ್ಪ ಬೆರಳಿಟ್ಟು ಓದುತ್ತಾ ಐದನೇ ಸಾಲಿಗೆ ನಿಂತರು. ಲಾರಿ ಬಾಡಿಗೆ ಕಳೆ ಎಂದು ಬರೆದಿದ್ದೆ. ಒಂದು ಲಾರಿಯಲ್ಲಿ ಐದು ಜನರ ಮಾಲು ಬಂದಿರುತ್ತದೆ, ಇಡೀ ಬಾಡಿಗೆಯನ್ನು ಪ್ರತಿಯೊಬ್ಬನ ಪಟ್ಟಿಯಲ್ಲೂ ಕಳೆದರೆ ರೈತ ಊರಿಗೆ ಏನು ತಗೊಂಡು ಹೋಗಬೇಕಮ್ಮಾ ಎಂದು ಕೇಳಿದರು. ಎದೆ ಧಸಕ್ಕೆಂದಿತು. ಮೊದಲು ಬರೆದದ್ದರಲ್ಲೂ ಅದೇ ತಪ್ಪಿತ್ತು. ಒಬ್ಬನೇ ರೈತನ ಲೆಕ್ಕ ಹಾಕಿ ಪರೀಕ್ಷಿಸಿದ್ದ ನನಗೆ ಅದು ಕಂಡಿರಲಿಲ್ಲ.

ಬಾಡಿಗೆಯನ್ನು ಚೀಲದ ಲೆಕ್ಕದಲ್ಲಿ ಹಂಚು ಎಂದು ಅಪ್ಪನೇ ಪೆನ್ಸಿಲಿನಲ್ಲಿ ತಿದ್ದಿದರು. ಆ ಸಾಲು ಹಾಗೆಯೇ ಸಾಫ್ಟ್‌ವೇರಿನೊಳಗೆ ಹೋಯಿತು. ಅಪ್ಪನ ಕೆಲಸ ಹೋಗಲಿಲ್ಲ. ಈಗ ಹಮಾಲಿ ದರ ಬದಲಾದರೆ ಆ ಪುಟವನ್ನು ತಿದ್ದುವವರು ಅವರೇ. ಮೊನ್ನೆ ತಿದ್ದಿದ್ದನ್ನು ತಂದು ನನ್ನ ಮುಂದಿಟ್ಟು, ಸರಿಯಿದೆಯಾ ನೋಡಮ್ಮ ಅಂದರು.