ದೀನರಿಗೆ ಸೂರು ಕೊಟ್ಟ ವಿಲಿಯಂ ಬೂತ್

ಮನೆಯಿಲ್ಲದವನನ್ನು ಸೇರಿಸಿಕೊಳ್ಳುವುದು ಪುಣ್ಯಕಾರ್ಯವೆಂದು ನಾವೆಲ್ಲರೂ ಬಲ್ಲೆವು. ಆದರೆ ಒಂದೇ ಸೂರಿನ ಕೆಳಗೆ ಕೂಡಿ ಮಲಗಿದವರು ಎಂಥ ಗಾಳಿಯನ್ನು ಸೇವಿಸುತ್ತಾರೆಂದು ವಿಚಾರಿಸುವವರು ವಿರಳ. ಇದನ್ನು ವಿಲಿಯಂ ಬೂತನ ಚರಿತ್ರೆಯಿಂದ ಕಲಿಯೋಣ.

ಈತನು 1829ನೆಯ ಏಪ್ರಿಲ್ 10ರಂದು ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ಪಟ್ಟಣದಲ್ಲಿ ಹುಟ್ಟಿದನು. ತಂದೆಯು ಆಸ್ತಿಯನ್ನು ಕಳೆದುಕೊಂಡದ್ದರಿಂದ ಹದಿಮೂರನೆಯ ವಯಸ್ಸಿನಲ್ಲಿ ಗಿರವಿ ಅಂಗಡಿಯ ಕೆಲಸಕ್ಕೆ ಸೇರಿ, ಬಡವರ ಸಂಕಟವನ್ನು ಕಣ್ಣಾರೆ ಕಂಡನು. 1855ರಲ್ಲಿ ಕ್ಯಾಥರಿನ್ ಎಂಬ ಭಕ್ತಿವಂತಳನ್ನು ಮದುವೆಯಾದನು. 1865ರಲ್ಲಿ ಲಂಡನ್ನಿನ ಪೂರ್ವಭಾಗದ ಬಡಕೇರಿಗಳಲ್ಲಿ ಸುವಾರ್ತೆಯನ್ನು ಸಾರತೊಡಗಿದನು. ಆತನ ಕೂಟವು 1878ರಲ್ಲಿ ಸಾಲ್ವೇಶನ್ ಆರ್ಮಿ, ಅಂದರೆ ಮುಕ್ತಿಸೇನೆ, ಎಂಬ ಹೆಸರನ್ನು ತಾಳಿತು.

1887ರ ಚಳಿಗಾಲದ ಒಂದು ರಾತ್ರಿ ಆತನು ಲಂಡನ್ ಸೇತುವೆಯನ್ನು ದಾಟುವಾಗ, ಸೇತುವೆಯ ಮೂಲೆಗಳಲ್ಲಿ ಮನುಷ್ಯರು ಚಳಿಯಲ್ಲಿ ಮುದುಡಿ ಮಲಗಿದ್ದನ್ನು ಕಂಡು ಬಹಳ ನೊಂದನು. ಇವರಿಗೆ ಏನಾದರೂ ಮಾಡಲೇಬೇಕೆಂದು ತನ್ನ ಮಗನಿಗೆ ಅಪ್ಪಣೆಕೊಟ್ಟನು. 1888ರಲ್ಲಿ ಲೈಮ್‌ಹೌಸ್ ಎಂಬಲ್ಲಿ ಮೊದಲನೆಯ ಆಶ್ರಯಶಾಲೆಯು ತೆರೆಯಿತು. ಅಂಥ ಶಾಲೆಗಳು ಹೆಚ್ಚಿದವು. ಕೆಲವುಗಳಲ್ಲಿ ಶವಪೆಟ್ಟಿಗೆಯಂಥ ಮರದ ಪೆಟ್ಟಿಗೆಗಳೇ ಮಂಚಗಳಾಗಿದ್ದವು. ಅವು ಒಂದಕ್ಕೊಂದು ತಗಲುವ ಹಾಗೆ ಸಾಲುಸಾಲಾಗಿದ್ದವು.

ಆ ಕಾಲದಲ್ಲಿಯೇ, 1890ರ ಆರಂಭದಲ್ಲಿ, ಇನ್‌ಫ್ಲುಯೆಂಜಾ ಎಂದು ಹೆಸರಾದ ಉಸಿರಿನ ಜಾಡ್ಯವು ಲಂಡನ್ನಿನಲ್ಲೆಲ್ಲಾ ಹರಡಿತು. ಇಂಥ ಶಾಲೆಗಳಲ್ಲಿ ಜನಸಂದಣಿಯು ಮಿತಿಮೀರಿದೆಯೆಂದೂ ಅಲ್ಲಿಂದ ಸಿಡುಬು ಮುಂತಾದವು ಹಬ್ಬುವವೆಂದೂ ಆ ದಶಕದ ಆರೋಗ್ಯಾಧಿಕಾರಿಗಳು ಆಕ್ಷೇಪಿಸಿದರು. ಬೂತನು ಮಾಡಿದ್ದು ತಪ್ಪೋ? ಅಲ್ಲ. ಚಳಿಯೂ ಕೊಲ್ಲುವುದು. ಆದರೆ ಚಳಿಯನ್ನು ತಡೆದ ಗೋಡೆಗಳೇ ರೋಗವನ್ನು ಒಳಗೆ ಕೂಡಿಹಾಕಿದವು. ಆತನು 1912ನೆಯ ಆಗಸ್ಟ್ 20ರಂದು ಕುರುಡನಾಗಿ, ಆದರೂ ಧೈರ್ಯಗೆಡದವನಾಗಿ, ನಿದ್ರೆಹೋದನು.

ಇನ್‌ಫ್ಲುಯೆಂಜಾವನ್ನು ಉಂಟುಮಾಡುವ ವೈರಸ್ ಎಂಬ ಅತಿಸೂಕ್ಷ್ಮ ರೋಗಾಣುವನ್ನು ಪಂಡಿತರು ಮನುಷ್ಯರಿಂದ ಬೇರ್ಪಡಿಸಿದ್ದು 1933ರಲ್ಲಿ, ಲಂಡನ್ನಿನಲ್ಲಿಯೇ. ಕೊರೋನಾ ಜಾಡ್ಯವು ಬಂದಾಗ, 2020ರಲ್ಲಿ, ಅಮೇರಿಕದ ಬಾಸ್ಟನ್ ನಗರದ ಒಂದು ಆಶ್ರಯಶಾಲೆಯಲ್ಲಿ 408 ಮಂದಿಯನ್ನು ಪರೀಕ್ಷಿಸಲಾಗಿ 147 ಮಂದಿಗೆ ಸೋಂಕಿತ್ತು. ಅವರಲ್ಲಿ ಹೆಚ್ಚಿನವರಿಗೆ ಕೆಮ್ಮಾಗಲಿ ಜ್ವರವಾಗಲಿ ಇರಲಿಲ್ಲ. ಆದಕಾರಣ ಕೆಮ್ಮುವವನನ್ನು ಮಾತ್ರ ಬೇರೆಯಿಟ್ಟರೆ ಸಾಲದು. ಅದೇ ವರುಷದ ಮಾರ್ಚಿಯಲ್ಲಿ ಇಂಗ್ಲೆಂಡಿನ ಸರಕಾರವು ಬೀದಿಯಲ್ಲಿಯೂ ಸಾಮೂಹಿಕ ಶಾಲೆಗಳಲ್ಲಿಯೂ ಮಲಗುತ್ತಿದ್ದವರಿಗೆ ಹೋಟೆಲುಗಳಲ್ಲಿ ಒಬ್ಬೊಬ್ಬರಿಗೆ ಒಂದೊಂದು ಕೋಣೆಯನ್ನು ಒದಗಿಸಿತು.

ಸಹೋದರರೇ, ಸಹೋದರಿಯರೇ, ಬಾಗಿಲನ್ನು ತೆರೆಯುವುದು ಪ್ರೀತಿಯ ಅರ್ಧ. ಕಿಟಕಿಯನ್ನು ತೆರೆದು, ಹಾಸಿಗೆಗಳ ನಡುವೆ ಸ್ಥಳಬಿಡುವುದು ಉಳಿದರ್ಧ. ರೋಗಭಯದಿಂದ ನಾವು ದೀನನನ್ನು ಹೊರಗೆ ನಿಲ್ಲಿಸದಿರೋಣ. ಒಳಗೆ ಕರೆದವನ ಉಸಿರನ್ನೂ ಕಾಯೋಣ.